ಕಳ್ಳಿಗೆ ಒಲೆಯ ಬೆಂಕಿ

ಬೀದರ
ಮಾಘ ಶುದ್ಧ ತದಿಗೆ, ಫಸಲಿ ೧೩೨೨

ಸೌಭಾಗ್ಯವತಿ ಸುಂದರಬಾಯಿಗೆ ಮಡೆಪ್ಪನ ಆಶೀರ್ವಾದ.

ಸುಖವಾಗಿ ತಲುಪಿದ್ದೇನೆ. ಸುಖವೆಂದು ಬರೆಯುವುದು ಕಾಗದದ ರಿವಾಜು, ಅದನ್ನು ಅಷ್ಟಕ್ಕೇ ಬಿಡು. ಎಕಂಬಾದಿಂದ ಸಂತಪುರದವರೆಗೆ ನಡೆದೆ, ಅಲ್ಲಿಂದ ಬೀದರಕ್ಕೆ ಹೊರಟ ಗಾಡಿಯೊಂದು ಸಿಕ್ಕಿತು. ಗಾಡಿಯ ಎತ್ತುಗಳನ್ನು ನೋಡಿದಾಗಲೆಲ್ಲ ನಮ್ಮ ಹಂಡ್ಯಾ, ಬೆಳ್ಯಾ ನೆನಪಾಗಿ ಮುಖ ಆಚೆ ತಿರುಗಿಸುತ್ತಿದ್ದೆ. ನಿನ್ನ ನೆನಪಾಗಲಿಲ್ಲ ಎಂದಲ್ಲ. ಅದಕ್ಕೆ ಮುಖವನ್ನು ಎತ್ತ ತಿರುಗಿಸಬೇಕೋ ತಿಳಿಯಲಿಲ್ಲ.

ಗೌಸೋದ್ದೀನ ಸಾಹೇಬರು ಇಲ್ಲಿನ ಸರಕಾರಿ ಗಾಡಿಖಾನೆಯ ದರೋಗಾ. ಔರಾದಿನ ಸಂತೆಯಲ್ಲಿ ನಮ್ಮ ಜೋಡಿಯ ಮೈ ತಡವಿ, "ಈ ಎತ್ತು ಸಾಕಿದ ಕೈ ಯಾವ್ದು?" ಎಂದು ಕೇಳಿದ್ದರಲ್ಲ, ಅವರೇ. ಕಾರಹುಣ್ಣಿಮೆಯವರೆಗೆ ಕೆಲಸ ಕೊಟ್ಟಿದ್ದಾರೆ. ಸರಕಾರದ ಸಾಮಾನು ಎಳೆಯುವ ಎತ್ತುಗಳಿಗೆ ಮೇವು ಹಾಕುವುದು, ಮೈ ತಿಕ್ಕುವುದು. ರೊಟ್ಟಿ ನಾನೇ ಬಡಿಯುತ್ತೇನೆ. ನನ್ನ ರೊಟ್ಟಿಯನ್ನು ಗೋದಲಿಗೆ ಹಾಕಿದರೆ ಎತ್ತುಗಳೂ ಮೂಸಿ ಬಿಡುತ್ತವೆ.

ಎಳ್ಳಮಾವಾಸ್ಯೆಯ ಮರುದಿನ ಎತ್ತಿನ ಮೇವಿಗೆಂದು ಒಟ್ಟಿದ್ದ ನಮ್ಮ ಜೋಳದ ಕಣಿಕೆಯ ಬಣವೆ ಸುಟ್ಟು ಬೂದಿಯಾದಾಗಿನಿಂದ ನಾನು, ನೀನು, ಅವ್ವ ಮೂವರೂ ಒಂದೇ ಮಾತನ್ನು ನುಂಗಿಕೊಂಡು ತಿರುಗಿದೆವು. ಈಗ ದೂರದಲ್ಲಿದ್ದೇನೆ, ಬರೆದುಬಿಡುತ್ತೇನೆ. ಕಾಳು ಮನೆಯೊಳಗಿದೆ, ನಮ್ಮ ಹೊಟ್ಟೆಗೆ ಕೊರತೆಯಿಲ್ಲ. ಆದರೆ ಕಣಿಕೆಯಿಲ್ಲದೆ ಮಳೆಗಾಲದವರೆಗೆ ಎತ್ತು ನಿಲ್ಲುವುದು ಹೇಗೆ? ಮೈ ತುಂಬಿಕೊಂಡಿರುವಾಗಲೇ ಮಾರಿಬಿಡು. ಹೊಲವನ್ನು ಮಗ್ಗುಲ ಹೊಲದ ಮಚ್ಛೇಂದ್ರ ಪಾಲಿಗೆ ಮಾಡಲಿ. ಅವ್ವನನ್ನು ಕರೆದುಕೊಂಡು ಬೀದರಕ್ಕೆ ಬಾ. ಇಲ್ಲಿ ಸಂಜೆಯಾದರೆ ಊರೆಲ್ಲ ದೀಪ. ನನಗೊಬ್ಬನಿಗೆ ಅಷ್ಟೊಂದು ದೀಪ ಏಕೆ?

ಮಡೆಪ್ಪ

*

ಎಕಂಬಾ
ಮಾಘ ಬಹುಳ ಪಂಚಮಿ

ಯಜಮಾನರಿಗೆ ಶರಣು ಶರಣಾರ್ಥಿ.

ಭಾಲ್ಕಿಯ ತವರಿನಲ್ಲಿ ಅಪ್ಪ ನನ್ನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ ತಿದ್ದಿಸುವಾಗ, ಇವು ಮುಂದೆ ಗಂಡನ ಜೊತೆ ಜಗಳವಾಡಲು ಬೇಕಾಗುತ್ತವೆ ಎಂದು ಹೇಳಿರಲಿಲ್ಲ. ಎತ್ತು ಮಾರುವುದಿಲ್ಲ.

ಬೆಳ್ಯಾ ನನ್ನ ಮದುವೆಯಲ್ಲಿ ಅಪ್ಪ ಕೊಟ್ಟ ಕರು. ಭಾಲ್ಕಿಯಿಂದ ನನ್ನ ಗಾಡಿಯ ಹಿಂದೆ ನಡೆದು ಬಂತು. ಹಂಡ್ಯಾ ನಿಮ್ಮ ಕೊಟ್ಟಿಗೆಯಲ್ಲಿ ಹುಟ್ಟಿದ್ದು. ಮೊದಮೊದಲು ಒಂದರ ಮುಖ ಒಂದಕ್ಕೆ ಆಗುತ್ತಿರಲಿಲ್ಲ. ಅವು ಒಂದು ನೊಗಕ್ಕೆ ಹೊಂದಿಕೊಂಡ ವರ್ಷವೇ ನಾವಿಬ್ಬರೂ ಹೊಂದಿಕೊಂಡೆವು. ಈಗ ಬೇರೆಯವರ ಕೈಗೆ ಹಗ್ಗ ಕೊಡು ಎನ್ನುತ್ತೀರಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ. ನಮ್ಮಿಬ್ಬರಲ್ಲಿ ಕೋಣ ಯಾರೆಂದು ನೀವೇ ಹೇಳಿ.

ಒಂದು ಪಂತ ಕಟ್ಟೋಣ. ಕಾರಹುಣ್ಣಿಮೆಯ ದಿನ ಊರ ಅಗಸಿ ಬಾಗಿಲಿಗೆ ಬೇವಿನ ತಪ್ಪಲಿನ ಹಗ್ಗ ಕಟ್ಟಿ, ಎತ್ತು ಓಡಿಸಿ ಕರಿ ಹರಿಯುತ್ತಾರಲ್ಲ, ಅಂದು ನಮ್ಮ ಜೋಡಿ ತನ್ನ ಕಾಲ ಮೇಲೆ ಓಡಿ ಆ ಹಗ್ಗ ಹರಿದರೆ ನೀವು ಚಾಕರಿ ಬಿಟ್ಟು ಮನೆಗೆ ಬಂದು ಕೂರಿಗೆ ಹಿಡಿಯಬೇಕು. ಓಡದಿದ್ದರೆ ಎತ್ತು ಕೊಟ್ಟು, ಬಾಗಿಲಿಗೆ ಕೀಲಿ ಜಡಿದು, ಅತ್ತೆಯನ್ನು ಕರೆದುಕೊಂಡು ನಾನೇ ಬೀದರಕ್ಕೆ ಬರುತ್ತೇನೆ. ತಿರುಗಿ ನೋಡುವುದಿಲ್ಲ.

ಒಪ್ಪಿಗೆಯಾದರೆ ಒಂದು ಉಪಕಾರ ಮಾಡಿ. ಗಾಡಿಖಾನೆಯಲ್ಲಿ ಕಣಿಕೆ ಕಡಿಮೆಯಾದಾಗ ಎತ್ತಿಗೆ ಏನೇನು ಹಾಕುತ್ತಾರೆ, ಎಲ್ಲ ಬರೆಯಿರಿ. ಎದುರಾಳಿಯ ಹತ್ತಿರವೇ ಬಡಿಗೆ ಬೇಡುತ್ತಿದ್ದೇನೆ, ನಗಬೇಡಿ.

ನೀವು ಸಂಜೆ ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬಂದಾಗ ಅತ್ತೆ ಬಾಗಿಲಿನಿಂದ "ಮಡೆಪ್ಪ ಬಂದ ನೋಡ" ಎಂದು ಒಳಗೆ ಕೂಗುತ್ತಿದ್ದರಲ್ಲ. ಮೊನ್ನೆ ಅಭ್ಯಾಸಬಲದಿಂದ ಹಾಗೇ ಕೂಗಿಬಿಟ್ಟರು. ಎತ್ತು ಎರಡೂ ಎದ್ದು ಕಿವಿ ನಿಮಿರಿಸಿ ನಿಂತವು. ಅವುಗಳ ಲೆಕ್ಕದಲ್ಲಿ ಆ ಹೆಸರೆಂದರೆ ಮೇವು. ಬಂದದ್ದು ಪಕ್ಕದ ಮನೆಯ ಹಾಜಿರಾಬೀಯ ಆಡು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಹೊಗೆ ಹೊಗೆ ಎಂದರು. ಒಲೆ ಹಚ್ಚಿರಲಿಲ್ಲ.

ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದಿದ್ದಾರೆ. ಕೈಯಲ್ಲಿ ಬರೆಯಬಾರದು ಎಂದು ಯಾರೂ ಹೇಳಿಲ್ಲ. ಕಾಗದದ ಮೇಲೆ ವಿಳಾಸವನ್ನು ನಾನು ನಿಧಾನವಾಗಿ ಬರೆಯುತ್ತೇನೆ.

ಸುಂದರಬಾಯಿ

*

ಬೀದರ
ಫಾಲ್ಗುಣ ಶುದ್ಧ ಬಿದಿಗೆ

ಸೌಭಾಗ್ಯವತಿ ಸುಂದರಬಾಯಿಗೆ ಆಶೀರ್ವಾದ.

ಪಂತಕ್ಕೆ ಒಪ್ಪಿದ್ದೇನೆ. ನೀನು ಸೋಲಬೇಕೆಂದೇ ನನ್ನ ಆಸೆ, ಮುಚ್ಚಿಡುವುದಿಲ್ಲ. ಆದರೂ ನನಗೆ ಗೊತ್ತಿದ್ದನ್ನು ಬರೆಯದೆ ಇಟ್ಟುಕೊಂಡರೆ ಹಂಡ್ಯಾನ ಮುಖ ನೋಡಲಾಗದು.

ಜಾಲಿ ಕಾಯಿ ಆರಿಸಿ ಒಣಗಿಸು, ಕುಟ್ಟಿ ಹಾಕು. ತೊಗರಿ ಹೊಟ್ಟು, ಕಡಲೆ ಹೊಟ್ಟು ಯಾರ ಕಣದಲ್ಲಿ ಬಿದ್ದಿದ್ದರೂ ಕೇಳಿ ತಾ. ಗಾಣದವನ ಹತ್ತಿರ ಕುಸುಬಿ ಹಿಂಡಿ ಸಿಕ್ಕರೆ ನೆನೆಸಿ ಸ್ವಲ್ಪ ಬೆರೆಸು. ಇವೆಲ್ಲ ನಿನಗೆ ಗೊತ್ತಿರುವಂಥವೇ. ನಿನಗೆ ಗೊತ್ತಿಲ್ಲದ್ದು ಒಂದಿದೆ: ಪಾಪಾಸುಕಳ್ಳಿ. ನಗಬೇಡ, ನಾನು ಆಗಲೇ ನಕ್ಕು ಮುಗಿಸಿದ್ದೇನೆ. ಸಾಹೇಬರು ಪುಣೆಯ ಕಡೆ ಹೋದಾಗ ಇದನ್ನು ನೋಡಿಕೊಂಡು ಬಂದರಂತೆ. ನಾನು ನಕ್ಕಾಗ, "ಅರೇ ಮಡೆಪ್ಪ, ಬೇಲಿಯಾಗ ನಿಂತದ್ದೆಲ್ಲಾ ದುಶ್ಮನ್ ಅಲ್ಲೋ. ಮುಳ್ಳು ಸುಟ್ಟು ನೋಡು, ಒಳಗ ಬರೇ ನೀರು, ಬರೇ ತಂಪು" ಎಂದರು.

ಮಾಡುವ ಬಗೆ ಹೀಗೆ. ಹಲಗೆಯಂಥ ಎಲೆಯನ್ನು ಇಕ್ಕಳದಲ್ಲಿ ಹಿಡಿದು ಉರಿಯ ಮೇಲೆ ತಿರುಗಿಸಬೇಕು. ದೊಡ್ಡ ಮುಳ್ಳು ಮೊದಲು ಹೋಗುತ್ತದೆ. ಅದರ ಬುಡದಲ್ಲಿ ಕೂದಲಿನಂಥ ಸಣ್ಣ ಮುಳ್ಳಿನ ಗೊಂಚಲಿರುತ್ತದೆ, ಅದು ಚಟಚಟ ಎನ್ನುವವರೆಗೆ ಬಿಡಬಾರದು. ಆಮೇಲೆ ಹೆಚ್ಚಿ, ಹೊಟ್ಟಿನ ಜೊತೆ ಕಲಸಿ ಹಾಕಬೇಕು. ಬರೀ ಕಳ್ಳಿ ಹಾಕಿದರೆ ಹೊಟ್ಟೆ ಸಡಿಲವಾಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವುದು ಎತ್ತಿಗೂ ನಿಜ.

ಗಾಡಿಖಾನೆಯ ಗೋಡೆಗೆ ಹೊಂದಿ ಒಂದು ಕೋಣೆ ಖಾಲಿಯಿದೆ. ಸುಣ್ಣ ಬಳಿದಿದ್ದೇನೆ, ಸುಮ್ಮನೆ. ಅವ್ವನಿಗೆ ಬಿಸಿಲು ಬೀಳುವ ಜಾಗದಲ್ಲಿ ಒಂದು ಕಟ್ಟೆಯನ್ನೂ ಹಾಕಿದ್ದೇನೆ, ಅದೂ ಸುಮ್ಮನೆ.

ಯುಗಾದಿಗೆ ಬರುತ್ತೇನೆ. ಸಾಹೇಬರು ಹೂಂ ಎಂದಿದ್ದಾರೆ.

ಮಡೆಪ್ಪ

*

ಎಕಂಬಾ
ಹೋಳಿ ಹುಣ್ಣಿಮೆಯ ಮರುದಿನ

ಯಜಮಾನರಿಗೆ ಶರಣಾರ್ಥಿ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ್ದೀರಿ. ಸುಣ್ಣ ಒಣಗಲಿ, ನಾನು ಬರುವುದಿಲ್ಲ.

ಎತ್ತುಗಳು ಕಳ್ಳಿ ತಿಂದವು! ಹಂಡ್ಯಾ ಮೊದಲು ಮೂಸಿ, ನನ್ನ ಮುಖ ನೋಡಿ, ಇದೇನು ತಮಾಷೆ ಎನ್ನುವಂತೆ ನಿಂತ. ಬೆಳ್ಯಾ ಬಾಯಿ ಹಾಕಿದ ಮೇಲೆ ತಾನೂ ಹಾಕಿದ. ತವರಿನದು ಯಾವಾಗಲೂ ಮುಂದೆ, ಬರೆದಿಟ್ಟುಕೊಳ್ಳಿ.

ಮುಳ್ಳು ತೆಗೆದೇ ಹಾಕುತ್ತಿದ್ದೇನೆ. ಒಲೆಯ ಬೆಂಕಿಯ ವಿಷಯದಲ್ಲಿ ಅತ್ತೆ ಒಂದು ಮಾತಾಡಿದರು. ಅದು ನಾವಿಬ್ಬರು ಹೆಂಗಸರು ನೋಡಿಕೊಳ್ಳುವ ಮಾತು, ನಿಮಗೆ ಬೇಡ. ನಮ್ಮ ಕುಡಗೋಲು ಹರಿತವಾಗಿದೆ, ಗೋಣಿತಟ್ಟಿನಿಂದ ಗಸಗಸ ತಿಕ್ಕಿದರೆ ಕಳ್ಳಿಯ ಮೈ ನುಣ್ಣಗಾಗುತ್ತದೆ.

ಯುಗಾದಿಗೆ ಬೇಳೆ ಬೀಸಿಟ್ಟಿದ್ದೇನೆ. ಬೀಸುವಾಗ ಹಾಡು ಬರಲಿಲ್ಲ, ನಗು ಬಂತು. ಹಾಜಿರಾಬೀ ಗೋಡೆಯ ಆಚೆಯಿಂದ, "ಯಾಕ್ ಸುಂದರಾ, ಖತ್ ಬಂದದೇನ?" ಎಂದು ಕೂಗಿದಳು. ಖತ್ ಅಲ್ಲ ಬೂಬೂ, ಬರೆದವರೇ ಬರುತ್ತಾರೆ ಎಂದೆ.

ಸುಂದರಬಾಯಿ

*

ಎಕಂಬಾ
ಫಾಲ್ಗುಣ ಬಹುಳ ದಶಮಿ

ಯಜಮಾನರಿಗೆ ಶರಣಾರ್ಥಿ.

ನಿಮ್ಮ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಬಾಯಿಂದ ಜೊಲ್ಲು ಸುರಿಸುವ ಎತ್ತಿಗೆ ಅಲ್ಲಿ ಏನು ಮಾಡುತ್ತಾರೆ? ಬೆಳ್ಯಾ ನಿನ್ನೆಯಿಂದ ಮೇವು ಮುಟ್ಟುತ್ತಿಲ್ಲ. ಬಾಯಿ ಕೆಂಪಗಾಗಿದೆ, ಕೈ ಒಯ್ದರೆ ತಲೆ ಕೊಡವುತ್ತಾನೆ. ಹಂಡ್ಯಾ ತಿನ್ನುತ್ತಾನೆ, ಆದರೆ ಅವನ ತುಟಿಯಲ್ಲೂ ಸ್ವಲ್ಪ ನೊರೆ ಕಂಡಿತು.

ದೊಡ್ಡದೇನಲ್ಲ ಎಂದುಕೊಂಡಿದ್ದೇನೆ. ಹೇಗೂ ಹಬ್ಬಕ್ಕೆ ಬರುತ್ತೀರಿ, ಬಂದು ನೋಡಿ. ಬೇಗ ಬನ್ನಿ.

ಸುಂದರಬಾಯಿ

*

ಸಂತಪುರ
ಯುಗಾದಿಯ ಹಿಂದಿನ ದಿನ, ಅಮಾವಾಸ್ಯೆ

ಸುಂದರಾ,

ಸಂತಪುರದ ಅಗಸಿಯ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಇಲ್ಲಿಂದ ಹೊರಟರೆ ಸಂಜೆಯ ಹೊತ್ತಿಗೆ ಮನೆ. ಗಂಟಿನಲ್ಲಿ ಹೊಸ ಬೆಲ್ಲವಿದೆ, ನಿನಗೆ ಹಸಿರು ಬಳೆಗಳಿವೆ. ಟಪಾಲಿನ ಮಾಣಿಕ ಎಕಂಬಾ ಕಡೆಯ ಚೀಲವನ್ನು ಇಲ್ಲಿಯವರೆಗೆ ತಂದು, ಬೀದರದ ಚೀಲ ತೆಗೆದುಕೊಂಡು ಹಿಂದಿರುಗುತ್ತಾನಲ್ಲ, ನನ್ನನ್ನು ಕಂಡು ಚೀಲ ಬಿಚ್ಚಿ, "ನಿಮ್ದೇ ಅದ್ರಿ, ಇಲ್ಲೇ ತಗೊಳ್ರಿ" ಎಂದು ನಿನ್ನ ಕಾಗದ ಕೊಟ್ಟ. ಓದಿದೆ.

ಅದು ಬಾಯಿಬೇನೆ. ಜೊಲ್ಲು, ಕೆಂಪು ಬಾಯಿ, ಜೊತೆಯ ಎತ್ತಿಗೂ ಹತ್ತುವುದು, ಇನ್ನೇನು? ಬೆಳ್ಯಾನನ್ನು ಈಗಲೇ ಬಿಚ್ಚಿ ಹೊಲದ ಬೇವಿನ ಗಿಡಕ್ಕೆ ಕಟ್ಟು. ಹಂಡ್ಯಾನ ಹತ್ತಿರ ಬಿಡಬೇಡ. ಹಾಜಿರಾಬೀಯ ಆಡುಗಳು ನಮ್ಮ ಅಂಗಳ ತುಳಿಯಬಾರದು.

ನಾನು ಬರುವಂತಿಲ್ಲ. ಬಾಯಿಬೇನೆಯ ಕೊಟ್ಟಿಗೆ ತುಳಿದವನು ಮಳೆಗಾಲ ಮುಗಿಯುವವರೆಗೆ ಗಾಡಿಖಾನೆಯೊಳಗೆ ಕಾಲಿಡಬಾರದೆಂದು ಸಾಹೇಬರ ಕಟ್ಟಪ್ಪಣೆ. ಹಬ್ಬ ಕಳೆದ ಮೂರನೆಯ ದಿನಕ್ಕೆ ಗಾಡಿಗಳು ಹೊರಡುತ್ತವೆ, ಮಾತು ಕೊಟ್ಟಿದ್ದೇನೆ. ಚಾಕರಿ ಹೋದರೆ ಹೋಗಲಿ ಎಂದು ಒಮ್ಮೆ ಎದ್ದು ನಿಂತೆ. ನನ್ನ ಕಾಲಿನ ಮಣ್ಣಿನಿಂದ ಅಲ್ಲಿನ ಎತ್ತುಗಳು ನೆಲ ಹಿಡಿದರೆ ಆ ಪಾಪ ಯಾರಿಗೆ ಎಂದು ಮತ್ತೆ ಕುಳಿತೆ. ಮಾಣಿಕ ಎರಡು ಸಲ, "ಹೋಗೂಣೇನ್ರಿ?" ಎಂದು ಕೇಳಿದ. ಅವನ ಕೈಯಲ್ಲಿ ಗಂಟು ಕೊಟ್ಟಿದ್ದೇನೆ.

ನಮ್ಮೂರ ಕಡೆಯ ದಾರಿ ಇಲ್ಲಿಂದ ಕಾಣುತ್ತದೆ. ಎದ್ದು ಬೆನ್ನು ತಿರುಗಿಸಿದರೆ ಆಯಿತು, ಅದೊಂದು ಆಗುತ್ತಿಲ್ಲ.

ಮಡೆಪ್ಪ

*

ಎಕಂಬಾ
ಚೈತ್ರ ಶುದ್ಧ ಪಂಚಮಿ

ಯಜಮಾನರಿಗೆ,

ನೀವು ಸಂತಪುರದವರೆಗೆ ಬಂದಿದ್ದಿರಿ.

ಹಬ್ಬದ ಬೆಳಿಗ್ಗೆ ಅತ್ತೆ ನಿಮ್ಮ ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದು ಅಂಗಳದಲ್ಲಿ ನಿಂತಿದ್ದರು. ಬಂದವನು ಮಾಣಿಕ. ತುಂಬಿದ ತಂಬಿಗೆ ಒಳಗೆ ಒಯ್ಯಬಾರದೆಂದು ಅವನ ಕಾಲಿಗೇ ಸುರಿದರು. ಹೋಳಿಗೆಯನ್ನೂ ಅವನೇ ತಿಂದ. ಬಳೆ ಇಟ್ಟುಕೊಂಡಿಲ್ಲ, ಗೂಡಿನಲ್ಲಿವೆ.

ನೀವು ಹೇಳಿದಂತೆ ಬೆಳ್ಯಾನನ್ನು ಹೊಲದಲ್ಲಿ ಕಟ್ಟಿದೆವು. ಹೊಲದಿಂದ ಅವನು ಕೂಗಿದ, ಕೊಟ್ಟಿಗೆಯಿಂದ ಇವನು ಕೂಗಿದ. ಇಬ್ಬರೂ ಮೇವು ಬಿಟ್ಟರು. ನಾನೂ ಬಿಟ್ಟಿದ್ದೆ, ಅದನ್ನು ಯಾರು ಕೇಳುತ್ತಾರೆ. ಮರುದಿನ ಬೆಳಗಾದದ್ದೇ ಅತ್ತೆ ಹೊಲಕ್ಕೆ ನಡೆದರು, ನಾನು ಹಿಂದೆ ಓಡಿದೆ. ಅವರು ಕೂತು ಬೆಳ್ಯಾನ ಕಾಲು ಒಂದೊಂದಾಗಿ ಎತ್ತಿ ನೋಡಿದರು.

"ಬಾಯಿಬೇನಿ ಆದ್ರ ಗೊರಸಿನ ಸಂದ್ಯಾಗ ಹುಣ್ಣ ಆಗ್ತದ, ಎತ್ತು ಕುಂಟ್ತದ. ಇದು ಕುಂಟ್ತದೇನ? ಹಿಡಿ ಕೋಡು, ಬಾಯಿ ನೋಡ್ತೀನಿ" ಎಂದರು.

ಬಾಯಿ ಬಿಡಿಸಿ ನಾಲಿಗೆ ಹೊರಗೆಳೆದರು. ಮೊದಲು ಏನೂ ಕಾಣಲಿಲ್ಲ. ಬೆರಳು ಆಡಿಸುತ್ತ, "ಅವ್ವವ್ವ" ಎಂದು ಕೈ ತೆಗೆದರು. ಅವರ ಬೆರಳ ತುದಿಯಲ್ಲಿ ಮುಳ್ಳು. ಕೂದಲಿನಂಥವು, ನೀವು ಬರೆದಿದ್ದಿರಲ್ಲ, ಅವೇ. ನಾಲಿಗೆಯ ಅಡಿಯಲ್ಲಿ, ವಸಡಿನಲ್ಲಿ, ತುಟಿಯ ಒಳಗೆ ತುಂಬಿ ಬಾತುಕೊಂಡಿತ್ತು.

ನಿಮ್ಮಿಂದ ಮುಚ್ಚಿಟ್ಟದ್ದನ್ನು ಈಗ ಹೇಳುತ್ತೇನೆ. ನಾನು ಕಳ್ಳಿಯನ್ನು ಸುಟ್ಟಿರಲಿಲ್ಲ. ನಮ್ಮೂರಲ್ಲಿ ಅದು ದಟ್ಟವಾಗಿ ಬೆಳೆದಿರುವುದು ರುದ್ರಭೂಮಿಯ ಬೇಲಿಗೆ. ಹೊತ್ತು ತಂದ ಮೊದಲ ದಿನವೇ ಅತ್ತೆ, "ಲಿಂಗಕ್ಕ ಎಡಿ ಮಾಡೂ ಒಲಿ ಇದು. ಗೋರಿ ಮ್ಯಾಲಿನ ಗಿಡಕ್ಕ ಇದರ ಬೆಂಕಿ ಕೊಡಂಗಿಲ್ಲ" ಎಂದರು. ಹಾಜಿರಾಬೀಯ ಮನೆಯಿಂದ ಕೆಂಡ ತರಲೇ ಎಂದರೆ, ನಮ್ಮ ಒಲೆ ಉರಿಯುತ್ತಿರುವಾಗ ಪರರ ಮನೆಯ ಬೆಂಕಿ ತಂದರೆ ಹೊಸ್ತಿಲಿಗೆ ಅವಮಾನವಂತೆ. ಅತ್ತೆಯ ಮೇಲೆ ಮಗನಿಗೆ ಚಾಡಿ ಬರೆದಳು ಅನ್ನಿಸಿಕೊಳ್ಳಬಾರದೆಂದು ನಾನು ಬರೆಯಲಿಲ್ಲ. ಕುಡಗೋಲಿನಿಂದ ಕೆರೆದೆ, ಗೋಣಿಯಿಂದ ತಿಕ್ಕಿದೆ, ನುಣ್ಣಗಾಯಿತು ಎಂದು ಜಂಬ ಬೇರೆ ಕೊಚ್ಚಿಕೊಂಡೆ. ಒಂದು ಸಾಲು ಬರೆದಿದ್ದರೆ ನೀವು ಅದನ್ನು ಬಾಯಿಬೇನೆ ಎನ್ನುತ್ತಿರಲಿಲ್ಲ, ಹಬ್ಬಕ್ಕೆ ಮನೆಯಲ್ಲಿರುತ್ತಿದ್ದಿರಿ. ನನ್ನ ಮೇಲೆ ನನಗೇ ಸಿಟ್ಟು. ನಿಮ್ಮ ಮೇಲೂ ಸಿಟ್ಟಿದೆ. ಕಾಲು ಹೇಗಿವೆ ಎಂದು ಒಂದು ಮಾತು ಕೇಳಬಾರದಿತ್ತೇ? ಎತ್ತು ಕಾಯುವ ಸರಕಾರಿ ನೌಕರರು!

ಅತ್ತೆ ಆ ಬೇವಿನ ಅಡಿಯಲ್ಲೇ ಕುಳಿತು, ಬೆಳ್ಯಾನ ತಲೆ ತೊಡೆಯ ಮೇಲಿಟ್ಟುಕೊಂಡು, ಉಗುರಿನಿಂದ ಮುಳ್ಳು ಕೀಳಲು ಹತ್ತಿದರು. ನಾನು ಅಳುತ್ತ, "ನನ್ನದೇ ತಪ್ಪ್ರಿ ಅತ್ತಿ" ಎಂದೆ.

"ಸುಮ್ನಿರು. ಕುಡಗೋಲು ನಿಂದು, ಮುಳ್ಳು ನಂದು. ಬಸವಣ್ಣನ ಬಾಯಾಗ ಮುಳ್ಳು ಇಟ್ಟು ಲಿಂಗಕ್ಕ ಎಡಿ ಹ್ಯಾಂಗ ಹಿಡೀಲಿ?" ಎಂದರು.

ಮನೆಗೆ ಬಂದವರೇ ಒಡೆದ ಗಡಿಗೆಯ ಬೋಕಿಯಲ್ಲಿ ಒಲೆಯ ಕೆಂಡ ತುಂಬಿಕೊಂಡು, ಅಂಗಳದಲ್ಲಿ ಜಾಲಿ ಪುಳ್ಳೆ ಒಟ್ಟಿ ಉರಿ ಮಾಡಿದರು. ಮೊದಲ ಕಳ್ಳಿಯನ್ನು ಅವರೇ ಸುಟ್ಟರು. ಸಣ್ಣ ಮುಳ್ಳು ಚಟಚಟ ಎಂದಾಗ, "ಇನ್ನಾ ಸುಡು, ಇನ್ನಾ ಸುಡು" ಎನ್ನುತ್ತಿದ್ದರು. ಬಣವೆ ಸುಟ್ಟ ಮೇಲೆ ಆ ಅಂಗಳದಲ್ಲಿ ಬೆಂಕಿ ಕಂಡದ್ದು ಅದೇ ಮೊದಲು. ಮಗ್ಗುಲಲ್ಲಿ ನೀರಿನ ಕೊಡ ಇಟ್ಟುಕೊಂಡೇ ಸುಟ್ಟೆವು.

ಬೆಳ್ಯಾ ಹಂಡ್ಯಾನ ಪಕ್ಕಕ್ಕೆ ಬಂದಿದ್ದಾನೆ. ಗಂಜಿ ಕುಡಿಯುತ್ತಾನೆ.

ಸುಂದರಬಾಯಿ

*

ಬೀದರ
ಚೈತ್ರ ಬಹುಳ ಅಷ್ಟಮಿ

ಸೌಭಾಗ್ಯವತಿ ಸುಂದರಬಾಯಿಗೆ ಆಶೀರ್ವಾದ.

ನಿನ್ನ ಕಾಗದ ಓದಿ ಸಾಹೇಬರಿಗೆ ಹೇಳಿದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡು, "ಕಾಲು ನೋಡ್ದೆ ಬಾಯಿಬೇನಿ ಅಂದ್ಯಾ? ಯಾ ಅಲ್ಲಾ, ನಿನ್ನ ಕೈಯಾಗ ನನ್ನ ಎತ್ತು ಕೊಟ್ಟೀನಲ್ಲೋ!" ಎಂದರು. ಅವರು ನಕ್ಕರು. ನಾನು ಗೋದಲಿಯ ಹಿಂದೆ ಹೋಗಿ ಅತ್ತುಬಿಟ್ಟೆ. ಇದನ್ನು ಅವ್ವನಿಗೆ ಓದಿ ಹೇಳಬೇಡ.

ಬೆಳ್ಯಾನ ಬಾಯಿಗೆ ಬೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚು. ಹುಣ್ಣು ಮಾಯುವವರೆಗೆ ಕಳ್ಳಿ ಬೇಡ. ಜೋಳದ ಗಂಜಿ, ನೆನೆಸಿದ ಹಿಂಡಿ, ಎಳೆಯ ಆಲದ ಎಲೆ ಕೊಡು. ಮೈ ಇಳಿಯುತ್ತದೆ, ಹೆದರಬೇಡ.

ಇನ್ನೊಂದು ವಿಷಯ ಮುಚ್ಚಿಟ್ಟರೆ ನಾವಿಬ್ಬರೂ ಪಾಠ ಕಲಿಯಲಿಲ್ಲ ಎಂದಾಗುತ್ತದೆ. ಸಾಹೇಬರು ನನ್ನನ್ನು ಕಾಯಂ ಮಾಡುತ್ತೇನೆ ಎನ್ನುತ್ತಿದ್ದಾರೆ. ಆ ಸುಣ್ಣದ ಕೋಣೆ ನಮ್ಮದೇ ಆಗುತ್ತದೆ. ಕಾರಹುಣ್ಣಿಮೆಯೊಳಗೆ ಹೌದು, ಅಲ್ಲ ಹೇಳಬೇಕು. ಒಮ್ಮೆ ಕೂತರೆ ನಡುವೆ ಬಿಡುವಂತಿಲ್ಲ. ನಾನು ಇನ್ನೂ ಏನೂ ಹೇಳಿಲ್ಲ. ಇಲ್ಲಿ ಕೆಲಸ ಒಳ್ಳೆಯದು, ಜನ ಒಳ್ಳೆಯವರು. ಆದರೂ ದಿನವೂ ಆ ಕಟ್ಟೆಯ ಮೇಲೆ ಕುಳಿತು ಒಬ್ಬನೇ ರೊಟ್ಟಿ ಮುರಿಯುವಾಗ, ಇದು ಯಾರ ಮನೆ ಎನ್ನಿಸುತ್ತದೆ.

ನಿನ್ನ ಅಕ್ಷರ ನೋಡಿದರೆ ನಿನ್ನ ಕೈ ಕಾಣುತ್ತದೆ. ಹಸಿರು ಬಳೆ ಹಾಕಿಕೋ, ಅವು ಏನು ತಪ್ಪು ಮಾಡಿವೆ?

ಮಡೆಪ್ಪ

*

ಎಕಂಬಾ
ವೈಶಾಖ ಬಹುಳ ತದಿಗೆ

ಯಜಮಾನರಿಗೆ ಶರಣಾರ್ಥಿ.

ಬೆಳ್ಯಾನ ಬಾಯಿ ಮಾಯ್ದಿದೆ. ಸುಟ್ಟ ಕಳ್ಳಿ, ತೊಗರಿ ಹೊಟ್ಟು, ಕುಟ್ಟಿದ ಜಾಲಿ ಕಾಯಿ, ಇದೇ ಈಗ ಇಬ್ಬರ ಊಟ. ಮೊದಲು ನಮ್ಮನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದವರು ಈಗ ಇಕ್ಕಳ ಹಿಡಿದು ನಮ್ಮ ಅಂಗಳಕ್ಕೆ ಬರುತ್ತಾರೆ. ಅತ್ತೆ ಅವರಿಗೆಲ್ಲ ಗುರು. "ಛಲೋತ್ನಂಗ ಸುಡ್ರೇ, ಕೂದಲ ಮುಳ್ಳು ಹೋಗಬೇಕು" ಎಂದು ಗದರುತ್ತಾರೆ, ತಾವೇ ಇದನ್ನು ಕಂಡುಹಿಡಿದವರ ಹಾಗೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನಮ್ಮಲ್ಲಿ ಎರಡೂ ಕಾಲ ಅತ್ತೆಯದೇ.

ಕಾಯಂ ವಿಷಯ ಓದಿದೆ. ಒಳ್ಳೆಯದು ಎಂದು ಬರೆಯಲು ಕೈ ಏಳುತ್ತಿಲ್ಲ. ಬೇಡ ಎಂದು ಬರೆಯಲು ನನಗೇನು ಹಕ್ಕು? ಪಂತ ಕಟ್ಟಿದವಳು ನಾನೇ.

ಒಂದು ಮಾತು ಹೇಳುತ್ತೇನೆ, ಕೇಳಿ ಮರೆತುಬಿಡಿ. ಮೊನ್ನೆ ಬೆಳಿಗ್ಗೆ ಹಂಡ್ಯಾ ಏಳಲಿಲ್ಲ. ಎಲುಬು ಎಣಿಸುವಂತಾಗಿದ್ದಾನೆ. ಬಾಲ ತಿರುವಿದೆ, ಬೈದೆ, ಏಳಲಿಲ್ಲ. ಆಗ ನನ್ನ ಮನಸ್ಸಿನ ಮೂಲೆಯಲ್ಲಿ ಸಂತೋಷ ಇಣುಕಿತು. ಸೋತೆ, ಇನ್ನು ಬೀದರಕ್ಕೆ ಹೋಗಬಹುದು, ಅವರನ್ನು ನೋಡಬಹುದು ಎಂದು. ನನ್ನ ಕೈಯಿಂದ ತುತ್ತು ತಿಂದ ಜೀವ ಬಿದ್ದಿದೆ, ನಾನು ಸಂತೋಷಪಟ್ಟೆ. ಇಂಥವಳನ್ನು ನೀವು ಮದುವೆಯಾಗಿದ್ದೀರಿ. ಹಂಡ್ಯಾ ಆಮೇಲೆ ತಾನೇ ಎದ್ದು ಗೋದಲಿಗೆ ಬಂದ. ಅವನ ಕೊರಳು ತಬ್ಬಿ ಅತ್ತುಬಿಟ್ಟೆ, ಮಳ್ಳಿಯ ಹಾಗೆ.

ಇನ್ನು ಬನ್ನಿ ಎಂದು ಬರೆಯುವುದಿಲ್ಲ. ಬರೆದರೆ ಎಲ್ಲ ಸಾಲಿನಲ್ಲೂ ಅದೇ ಬಂದೀತು.

ಬಳೆ ಹಾಕಿಕೊಂಡಿದ್ದೇನೆ. ಒಂದು ಆಗಲೇ ಒಡೆದಿದೆ, ಕಳ್ಳಿ ಹೆಚ್ಚುವಾಗ.

ಸುಂದರಬಾಯಿ

*

ಎಕಂಬಾ
ಕಾರಹುಣ್ಣಿಮೆಯ ಮರುದಿನ

ಯಜಮಾನರಿಗೆ,

ವೈಶಾಖದ ಕಾಗದಕ್ಕೆ ನಿಮ್ಮಿಂದ ಉತ್ತರ ಬರಲಿಲ್ಲ. ಮಾಣಿಕ ಪ್ರತಿ ಸಲ ದೂರದಿಂದಲೇ ಕೈ ಅಲ್ಲಾಡಿಸಿ, ಇಲ್ಲವೆಂದು ಹೇಳಿ ಹೋಗುತ್ತಿದ್ದ. ಕಾಯಂ ಆಗಿರಬೇಕು, ನನಗೆ ಬರೆಯಲು ಸಂಕೋಚವಿರಬೇಕು ಎಂದುಕೊಂಡೆ. ಇರಲಿ. ಪಂತದ ಫಲ ತಿಳಿಸುವುದು ನನ್ನ ಧರ್ಮ.

ನಿನ್ನೆ ಎತ್ತಿನ ಮೈ ತೊಳೆದು, ಕೋಡಿಗೆ ಹುರಮಂಜಿನ ಕೆಂಪು ಬಣ್ಣ ಹಚ್ಚಿದೆವು. ಅತ್ತೆ ಬೆಳ್ಯಾನ ಬಾಯಿ ಮುಟ್ಟಿ, ಕೈಮುಗಿದು, ಏನೋ ಗುಣುಗುಣು ಎಂದರು. ತಪ್ಪಾಯಿತು ಎಂದಿರಬೇಕು. ಗಂಡಸಿಲ್ಲದ ಮನೆ, ಮಚ್ಛೇಂದ್ರ ತಾನೇ ಎತ್ತಿನ ಹಗ್ಗ ಹಿಡಿಯುತ್ತೇನೆ ಎಂದ. ಅಗಸಿಯ ತುಂಬ ಜನ. ಬೇರೆಯವರ ಎತ್ತುಗಳೆಲ್ಲ ಮುನ್ನುಗ್ಗುತ್ತಿದ್ದರೆ ನಮ್ಮವು ನಿಂತಲ್ಲೇ ನಿಂತವು. ಮಚ್ಛೇಂದ್ರ ಜಗ್ಗಿದ, ಹೊಡೆದ. ಎರಡೂ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದ್ದವು. ಯಾರನ್ನು ಹುಡುಕುತ್ತಿದ್ದವೆಂದು ನನಗೊಬ್ಬಳಿಗೇ ಗೊತ್ತು. ಯಾರೋ, "ಕಳ್ಳಿ ತಿಂದ ಎತ್ತು, ಬೇಲಿ ಹಾಂಗೇ ನಿಂತಾವ" ಎಂದರು. ಜನ ನಕ್ಕರು.

ನನಗೆ ಏನಾಯಿತೋ ತಿಳಿಯದು. ಹಗ್ಗದ ಆಚೆ ಓಡಿಹೋಗಿ ನಿಂತು, ಊರೆಲ್ಲ ಕೇಳುವಂತೆ, "ಹಂಡ್ಯಾ, ಬೆಳ್ಯಾ, ಮಡೆಪ್ಪ ಬಂದ್ರೋ! ಮಡೆಪ್ಪ ಬಂದ್ರು ನೋಡ್ರೋ!" ಎಂದು ಕೂಗಿಬಿಟ್ಟೆ.

ಅವು ಮೇವೆಂದು ತಿಳಿದವೋ ನೀವೆಂದು ತಿಳಿದವೋ, ಕಿವಿ ನಿಮಿರಿಸಿ ನನ್ನ ಕಡೆಗೆ ಓಡಿ ಬಂದವು. ಹಗ್ಗ ಹರಿಯಿತು, ಬೇವಿನ ತಪ್ಪಲು ಬೆಳ್ಯಾನ ಕೋಡಿಗೆ ಸಿಕ್ಕಿಕೊಂಡು ಬಂತು. ಮೊದಲು ಹರಿದದ್ದು ಬಿಳಿ ಎತ್ತು, ಈ ವರ್ಷ ಬಿಳಿಜೋಳ ಹುಲುಸು ಎಂದು ಹಿರಿಯರು ಹೇಳಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಗಂಡನ ಹೆಸರನ್ನು ಅಗಸಿಯಲ್ಲಿ ನಿಂತು ಕೂಗಿದ ಹೆಣ್ಣು! ನಾಚಿಕೆಯಿಂದ ಭೂಮಿಗಿಳಿದೆ. ಅತ್ತೆ ಮುಂದೆ ಬಂದು, "ಏನ್ ನೋಡ್ತೀರಿ? ಎತ್ತಿಗೆ ಕರದಾಳ, ಗಂಡಗ ಕರದಿಲ್ಲ. ನಡೀರಿ ಮನಿಗೆ" ಎಂದು ಜನರನ್ನು ಚದುರಿಸಿದರು.

ದಾರಿಯಲ್ಲಿ ಮೆಲ್ಲಗೆ, "ಗಂಡಗ ಕರದಿದ್ರ ಬರ್ತಿದ್ನೇನ?" ಎಂದು ನನ್ನನ್ನು ಕೇಳಿದರು.

ಗೆದ್ದಿದ್ದೇನೆ. ನಿಮ್ಮನ್ನು ಪಂತಕ್ಕೆ ಕಟ್ಟಿಹಾಕುವುದಿಲ್ಲ, ಚಾಕರಿ ನಿಮ್ಮದು. ಆದರೆ ಸಂಜೆ ಎರಡೂ ಎತ್ತು ಬಾಗಿಲ ಕಡೆ ಮುಖ ಮಾಡಿ ನಿಂತಿದ್ದವು. ಮೂಕ ಜೀವಗಳಿಗೆ ಸುಳ್ಳು ಹೇಳಿದ್ದೇನೆ. ಆ ಸುಳ್ಳನ್ನು ನಿಜ ಮಾಡುವುದು ನನ್ನ ಕೈಯಲ್ಲಿಲ್ಲ.

ಸುಂದರಬಾಯಿ

*

ಸಂತಪುರ
ಜ್ಯೇಷ್ಠ ಬಹುಳ ತದಿಗೆ

ಸುಂದರಾ,

ಅದೇ ಕಟ್ಟೆ, ಅದೇ ಮಾಣಿಕ. ನನ್ನನ್ನು ಕಂಡವನು ಈ ಸಲ ಕಾಗದವನ್ನು ಬೆನ್ನ ಹಿಂದೆ ಹಿಡಿದು, "ಕೊಡಂಗಿಲ್ರಿ. ಹ್ವಾದ ಸಲ ಓದಿ ತಿರುಗಿ ಹೋದ್ರಿ" ಎಂದ. ಏನಿದ್ದರೂ ಊರಿಗೇ ಹೋಗುತ್ತೇನೆಂದು ಲಿಂಗ ಮುಟ್ಟಿ ಹೇಳಿದ ಮೇಲೆ ಕೊಟ್ಟ.

ನಿನ್ನ ವೈಶಾಖದ ಕಾಗದ ಬಂದಾಗ ನಾನು ಗಾಡಿಗಳ ಜೊತೆ ಉದಗೀರದ ಕಡೆ ಹೋಗಿದ್ದೆ. ಹಿಂದಿರುಗಿದ್ದು ಕಾರಹುಣ್ಣಿಮೆಯ ದಿನ. ಹಂಡ್ಯಾ ಏಳಲಿಲ್ಲ ಎಂಬಲ್ಲಿಗೆ ಬಂದಾಗ ನನ್ನ ಮನಸ್ಸಿನಲ್ಲಿಯೂ ಅದೇ ಸಂತೋಷ ಇಣುಕಿತು. ಇಂಥವನನ್ನು ನೀನು ಮದುವೆಯಾಗಿದ್ದೀಯೆ. ಉಳಿದ ಸಾಲು ಓದಿ ಮುಗಿಸಿ ನೇರ ಸಾಹೇಬರ ಮುಂದೆ ನಿಂತೆ. ಅವರು ನನ್ನ ಮುಖ ನೋಡಿದವರೇ, "ಹೋಗಪ್ಪ. ಮೈ ಇಲ್ಲಿ, ಜೀವ ಅಲ್ಲಿ. ಅರ್ಧ ಮನಷಾಗ ಪೂರಾ ಕೆಲಸ ಹ್ಯಾಂಗ ಹೇಳ್ಲಿ?" ಎಂದರು.

ಆಗ ಎತ್ತು ಗೆದ್ದದ್ದು ನನಗೆ ಗೊತ್ತಿರಲಿಲ್ಲ. ಈಗ ಈ ಕಟ್ಟೆಯ ಮೇಲೆ ತಿಳಿಯಿತು. ಸೋತಿದ್ದರೂ ನೊಗಕ್ಕೆ ನಾನೇ ಹೆಗಲು ಕೊಡುತ್ತೇನೆ ಎಂದು ಹೊರಟವನು. ಆ ಸುಣ್ಣದ ಕೋಣೆಗೆ ಬೇರೆ ಯಾರೋ ಬಂದಿದ್ದಾರೆ. ಕಟ್ಟೆಯ ಮೇಲೆ ಅವರ ಮುದುಕಿ ಬಿಸಿಲು ಕಾಯಿಸುತ್ತಾಳೆ. ಒಳ್ಳೆಯದೇ ಆಯಿತು.

ಮಾಣಿಕ ಈ ಕಾಗದ ತೆಗೆದುಕೊಂಡು ಮುಂದೆ ಬರುತ್ತಾನೆ. ಮೊದಲ ಮಳೆಗೆ ಇಲ್ಲಿನ ಹಳ್ಳದ ದಂಡೆಯಲ್ಲಿ ಹಸಿ ಹುಲ್ಲು ಎದ್ದಿದೆ. ಒಂದು ಹೊರೆ ಕೊಯ್ದುಕೊಂಡು ನಾನು ಹಿಂದೆ ಬರುತ್ತೇನೆ. ನನ್ನ ಹೆಸರೆಂದರೆ ಮೇವೆಂದು ತಿಳಿದವರ ಮುಂದೆ ಬರಿಗೈಯಲ್ಲಿ ಹೇಗೆ ನಿಲ್ಲಲಿ?

ಸಂಜೆ ಬಾಗಿಲಲ್ಲಿ ಅವ್ವ ಕೂಗುವುದು ಬೇಡ. ಎತ್ತಿಗೇ ಕರೆದೆ ಎನ್ನು, ಜನ ಏನಾದರೂ ಅಂದುಕೊಳ್ಳಲಿ. ನೀನೇ ಕೂಗು.

ನಿನ್ನ
ಮಡೆಪ್ಪ